ಅನಿಮೇಷನ್ ಸಿನಿಮಾ ಕೂಡಿಡುವಾಗ ಮೊದಲು ಆಕಾಶ ನೋಡಿ

ಹಳೆಯ ಅನಿಮೇಷನ್ ಡಿವಿಡಿಗಳು ಮನೆಯಲ್ಲಿದ್ದರೆ ಅವನ್ನು ಕಂಪ್ಯೂಟರ್ ಫೈಲ್ ಮಾಡಿಟ್ಟುಕೊಳ್ಳುವ ಕೆಲಸ ಮುಂದೂಡಬೇಡಿ. ಡಿಸ್ಕ್ ಗೀರು ಬಿದ್ದು ಹಾಳಾಗುತ್ತದೆ, ಡ್ರೈವ್ ಇರುವ ಲ್ಯಾಪ್‌ಟಾಪ್ ಈಗ ಸಿಗುವುದೇ ಕಷ್ಟ.

ನಾನು ಮೊದಲ ಸಲ ಸೆಟ್ಟಿಂಗ್ ಏನೂ ನೋಡದೆ ಸುಮ್ನೆ ಎನ್‌ಕೋಡ್ ಮಾಡಿ (ಅಂದರೆ ಡಿಸ್ಕಿನ ವಿಡಿಯೊವನ್ನು ಕುಗ್ಗಿಸಿ ಫೈಲ್ ಮಾಡಿ) ಟಿವಿಗೆ ಹಾಕಿದೆ. ರಾತ್ರಿಯ ದೃಶ್ಯ. ಚಂದ್ರನ ಸುತ್ತಲಿನ ಬೆಳಕು ನಯವಾಗಿ ಕರಗಬೇಕಿತ್ತು, ಆದರೆ ಸೀರೆಯಂಚಿನ ಹಾಗೆ ಪಟ್ಟಿ ಪಟ್ಟಿಯಾಗಿ ನಿಂತಿತ್ತು! ಇದನ್ನು ಬ್ಯಾಂಡಿಂಗ್ ಅಂತಾರೆ. ಅನಿಮೇಷನ್‌ನಲ್ಲಿ ಒಂದೇ ಬಣ್ಣ ಬಳಿದ ಜಾಗ ಜಾಸ್ತಿ, ಹಾಗಾಗಿ ಫೈಲ್ ಚೆನ್ನಾಗಿ ಕುಗ್ಗುತ್ತದೆ, ಆದರೆ ತಪ್ಪು ಕಣ್ಣಿಗೆ ಹೊಡೆಯುವುದೂ ಅದೇ ಜಾಗದಲ್ಲಿ.

ಇದಕ್ಕೆ ಮದ್ದು 10 ಬಿಟ್. 8 ಬಿಟ್‌ನಲ್ಲಿ ಒಂದು ಬಣ್ಣಕ್ಕೆ 256 ಹಂತ, 10 ಬಿಟ್‌ನಲ್ಲಿ 1024. ಡಿವಿಡಿ ಇರುವುದು 8 ಬಿಟ್‌ನಲ್ಲೇ ಅಲ್ವಾ ಅಂತ ಕೇಳಬಹುದು, ಹೌದು, ಆದರೂ ಕುಗ್ಗಿಸುವಾಗ ಲೆಕ್ಕ ಸೂಕ್ಷ್ಮವಾಗಿ ನಡೆಯುವುದರಿಂದ ಪಟ್ಟಿಗಳು ಕಡಿಮೆಯಾಗುತ್ತವೆ.

ಹ್ಯಾಂಡ್‌ಬ್ರೇಕ್ ಎಂಬ ಉಚಿತ ಸಾಫ್ಟ್‌ವೇರ್ ಹಾಕಿಕೊಳ್ಳಿ. ನಕಲು ತಡೆಯುವ ಲಾಕ್ ಇರುವ ಡಿಸ್ಕ್ ಅದಕ್ಕೆ ಓದಲು ಬರುವುದಿಲ್ಲ. ಫೈಲ್ ಬಗೆ ಎಂಕೆವಿ ಇರಲಿ. ವಿಡಿಯೊದಲ್ಲಿ ಎಚ್.265 10 ಬಿಟ್ ಎಂಬ ಕೋಡೆಕ್ (ಕುಗ್ಗಿಸುವ ವಿಧಾನ) ಆರಿಸಿ, ಗುಣಮಟ್ಟದ ಆರ್‌ಎಫ್ ಸಂಖ್ಯೆ 18ರ ಹತ್ತಿರ ಇಡಿ (ಸಂಖ್ಯೆ ಇಳಿದಷ್ಟೂ ಚಿತ್ರ ಚೆನ್ನ, ಫೈಲ್ ದೊಡ್ಡದು), ಪ್ರೀಸೆಟ್ ಸ್ಲೋ, ಟ್ಯೂನ್ ಅನಿಮೇಷನ್. ಓಡುವ ಪಾತ್ರದ ಅಂಚಿನಲ್ಲಿ ಬಾಚಣಿಗೆ ಹಲ್ಲಿನಂಥ ಗೆರೆ ಕಂಡರೆ ಮಾತ್ರ ಅದನ್ನು ಅಳಿಸುವ ಡೀಕೋಂಬ್ ಫಿಲ್ಟರ್ ಬೇಕು. ಎವಿ1 ಎಂಬ ಇನ್ನೊಂದು ಕೋಡೆಕ್ ಇನ್ನೂ ಚಿಕ್ಕ ಫೈಲ್ ಕೊಡುತ್ತದೆ, ನಿಮ್ಮ ಟಿವಿ ಅದನ್ನು ಓಡಿಸುತ್ತದಾ ನೋಡಿಕೊಳ್ಳಿ.

ಚಿತ್ರದ ಕಣಕಣವಾದ ಗದ್ದಲ ಒರೆಸುವ ಡೀನಾಯ್ಸ್ ಫಿಲ್ಟರ್ ಮಾತ್ರ ದಯವಿಟ್ಟು ಮುಟ್ಟಬೇಡಿ. ಡಿಸ್ನಿಯವರ 'ಒನ್ ಹಂಡ್ರೆಡ್ ಅಂಡ್ ಒನ್ ಡಾಲ್ಮೇಷಿಯನ್ಸ್' (1961) ಚಿತ್ರದಲ್ಲಿ ಕಲಾವಿದರ ಪೆನ್ಸಿಲ್ ಗೆರೆಗಳನ್ನೇ ಜೆರಾಕ್ಸ್ ವಿಧಾನದಿಂದ ಸೆಲ್ ಎಂಬ ಪಾರದರ್ಶಕ ಹಾಳೆಗೆ ಇಳಿಸಿದ್ದರು, ಅಂಥ ಒರಟು ಗೆರೆ ಈ ಫಿಲ್ಟರ್‌ಗೆ ಕಸದಂತೆ ಕಾಣುತ್ತದೆ, ಒರೆಸಿ ಹಾಕುತ್ತದೆ. ಆ ಗೆರೆಯಲ್ಲಿ ಬಿಡಿಸಿದವರ ಕೈ ಇದೆ. ಅದು ಉಳಿಯಬೇಕು.

ಧ್ವನಿಯ ಕೆಲಸ ಸುಲಭ. ಡಿವಿಡಿಯ ಡಾಲ್ಬಿ ಟ್ರ್ಯಾಕ್ ಮೊದಲೇ ಕುಗ್ಗಿದ್ದು, ಪಾಸ್‌ಥ್ರೂ ಕೊಟ್ಟು ಹಾಗೇ ಬಿಡಿ. ಬ್ಲೂರೇಯ ನಷ್ಟವಿಲ್ಲದ ಟ್ರ್ಯಾಕ್ ಆದರೆ ಫ್ಲಾಕ್ ಎಂಬ ನಷ್ಟವಿಲ್ಲದ ಧ್ವನಿ ಬಗೆಗೆ ಹಾಕಿ, ಒಂದು ಬಿಟ್ ಕೂಡ ಹೋಗುವುದಿಲ್ಲ. ಮೊಬೈಲ್‌ಗೆ ಚಿಕ್ಕ ಪ್ರತಿ ಬೇಕಿದ್ದರೆ ಓಪಸ್ ಎಂಬ ಧ್ವನಿ ಕೋಡೆಕ್, ಸ್ಟೀರಿಯೊಗೆ 128 ಕೆಬಿಪಿಎಸ್ ಧಾರಾಳ ಸಾಕು.

ಇಡೀ ಸಿನಿಮಾ ಓಡಿಸುವ ಮೊದಲು ಒಂದೇ ನಿಮಿಷ ಎನ್‌ಕೋಡ್ ಮಾಡಿ, ಕತ್ತಲೆಯ ಆಕಾಶವಿರುವ ನಿಮಿಷವನ್ನೇ ಆರಿಸಿ. ಕೋಣೆಯ ಲೈಟ್ ಆಫ್ ಮಾಡಿ ದೊಡ್ಡ ಟಿವಿಯಲ್ಲಿ ನೋಡಿ. ಪಟ್ಟಿ ಕಂಡರೆ ಆರ್‌ಎಫ್ ಎರಡು ಇಳಿಸಿ ಮತ್ತೆ ನೋಡಿ.

ಜಾಗ ಇದ್ದರೆ ಡಿಸ್ಕಿನ ಮೂಲ ಪ್ರತಿಯನ್ನೂ ಹಾಗೇ ಎರಡು ಬೇರೆ ಹಾರ್ಡ್‌ಡಿಸ್ಕ್‌ಗಳಲ್ಲಿ ಇಡಿ. ಮುಂದೆ ಇನ್ನೂ ಒಳ್ಳೆಯ ಕೋಡೆಕ್ ಬಂದಾಗ ಆ ಮೂಲದಿಂದಲೇ ಮಾಡಬೇಕು, ಇವತ್ತು ಕುಗ್ಗಿಸಿದ್ದನ್ನೇ ಮತ್ತೆ ಕುಗ್ಗಿಸಿದರೆ ಎರಡು ಸಲದ ನಷ್ಟವೂ ಒಂದರ ಮೇಲೊಂದು ಕೂರುತ್ತದೆ.