ಉಳಿಕೆ ನೂಲಿನಿಂದ ಬಚ್ಚಲಿಗೊಂದು ಸೋಪಿನ ಚೀಲ

ಈ ಕೆಲಸಕ್ಕೆ ಮೊದಲು ಬೇಕಾಗುವುದು ಬೆಂಕಿಪೊಟ್ಟಣ. ಕ್ರೋಶಾ ಕಡ್ಡಿ ಆಮೇಲೆ. ಲೇಬಲ್ ಕಳೆದುಹೋದ ನೂಲಿನ ತುದಿಯನ್ನು ಇಕ್ಕಳದಲ್ಲಿ ಹಿಡಿದು ನೀರಿನ ಬಟ್ಟಲ ಮೇಲೆ ಸುಡುತ್ತೇನೆ. ಕಾಗದದಂತೆ ಉರಿದು ಮೆತ್ತನೆಯ ಬೂದಿ ಉಳಿದರೆ ಹತ್ತಿ. ಕರಗಿ ಗಟ್ಟಿ ಮಣಿಯಾದರೆ ಅಕ್ರಿಲಿಕ್ಕೋ ಪಾಲಿಯೆಸ್ಟರೋ. ಅಂಗಡಿಯಲ್ಲಿ ‘ಉಲ್ಲನ್’ ಎಂದು ಕೊಡುವುದು ಬಹುಪಾಲು ಅಕ್ರಿಲಿಕ್ಕೇ. ಕೂದಲು ಸುಟ್ಟ ವಾಸನೆ ಬಂದರೆ ನಿಜವಾದ ಉಣ್ಣೆ. ಅದು ಬಚ್ಚಲಿಗೆ ಬೇಡ. ಬಿಸಿನೀರು, ಸೋಪು, ಉಜ್ಜಾಟ ಮೂರೂ ಸೇರಿದರೆ ಕುಗ್ಗಿ ಕಂಬಳಿಯ ತುಂಡಾಗುತ್ತದೆ.

ಹತ್ತಿ ಮತ್ತು ಅಕ್ರಿಲಿಕ್ ಎರಡನ್ನೂ ಒಂದೇ ಸಾಮಾನಿಗೆ ಬೆರೆಸುವುದಿಲ್ಲ. ಒಗೆದಾಗ ಹತ್ತಿ ಕುಗ್ಗುತ್ತದೆ, ಅಕ್ರಿಲಿಕ್ ಕುಗ್ಗುವುದಿಲ್ಲ; ಹೆಣೆದ ಚಪ್ಪಟೆ ಬಿಲ್ಲೆ ಕರಿದ ಹಪ್ಪಳದಂತೆ ಅಂಚು ಎತ್ತಿಕೊಳ್ಳುತ್ತದೆ. ಕಡುಗೆಂಪು, ಕಡುನೀಲಿ ಹತ್ತಿಯಾದರೆ ಒಂದು ತುಂಡನ್ನು ಬಿಸಿನೀರಲ್ಲಿ ನೆನೆಸಿ ಬಿಳಿ ಬಟ್ಟೆಯಲ್ಲಿ ಒತ್ತಿ ನೋಡಿ. ಬಣ್ಣ ಬಿಟ್ಟರೆ ಪಕ್ಕಕ್ಕಿಡಿ.

ಸೋಪಿನ ಚೀಲಕ್ಕೆ 8 ಪ್ಲೈ (ಪ್ಲೈ ಎಂದರೆ ನೂಲಿನ ದಪ್ಪದ ಲೆಕ್ಕ) ಹತ್ತಿ, 4 ಮಿ.ಮೀ. ಕಡ್ಡಿ. ಇರುವುದು 4 ಪ್ಲೈ ಆದರೆ ಎರಡೆಳೆ ಸೇರಿಸಿ. ಒಟ್ಟು 10–12 ಗ್ರಾಂ ಸಾಕು. ಚೈನ್ (ಒಂದರೊಳಗೊಂದು ಎಳೆದ ಕುಣಿಕೆಗಳ ಸರ) 15 ಹಾಕಿ, ಕಡ್ಡಿಯಿಂದ ಎರಡನೆಯ ಚೈನಿನಲ್ಲಿ ಶುರುಮಾಡಿ 14 ಸಿಂಗಲ್ (ಗಿಡ್ಡ ಸ್ಟಿಚ್). ತುದಿ ಮುಟ್ಟಿದ ಮೇಲೆ ಹಿಂದಿರುಗದೆ ಅದೇ ಚೈನಿನ ಕೆಳಬದಿಗೆ ಇನ್ನು 14. ಈಗ 28 ಸ್ಟಿಚ್‌ನ ಸುತ್ತು ಸಿಕ್ಕಿತು, ತಳಕ್ಕೆ ಹೊಲಿಗೆಯೇ ಇಲ್ಲ. ಇನ್ನೊಂದು ಸುತ್ತು ಸಿಂಗಲ್. ಅಲ್ಲಿಂದ ಮೇಲೆ ಜಾಲಿ: 4 ಚೈನ್ ಏರಿಸಿ, ಒಂದು ಸ್ಟಿಚ್ ಬಿಟ್ಟು ಒಂದು ಡಬಲ್ (ಸಿಂಗಲ್‌ಗಿಂತ ಎತ್ತರದ ಸ್ಟಿಚ್), ಒಂದು ಚೈನ್, ಹೀಗೇ ಸುತ್ತಿ, ಏರಿಸಿದ ಚೈನಿನ ಮೂರನೆಯದಕ್ಕೆ ಸ್ಲಿಪ್ ಸ್ಟಿಚ್‌ನಿಂದ (ಎತ್ತರವಿಲ್ಲದ, ಸೇರಿಸಲಷ್ಟೇ ಹಾಕುವ ಸ್ಟಿಚ್) ಸೇರಿಸಿ. 14 ಕಿಂಡಿ ಬರಬೇಕು. 13 ಬಂದರೆ ಸೇರಿಸುವ ಜಾಗದಲ್ಲಿ ಒಂದನ್ನು ನುಂಗಿದ್ದೀರಿ. ಮುಂದಿನ ಸುತ್ತುಗಳಲ್ಲಿ ಡಬಲ್ ಮೇಲೆ ಡಬಲ್. ಇಂಥ 8 ಸುತ್ತು, ಬಾಯಿಗೆ 2 ಸುತ್ತು ಸಿಂಗಲ್. (ನಾನು ಡಬಲ್ ಎನ್ನುವುದು ಅಮೆರಿಕದ ಲೆಕ್ಕದಲ್ಲಿ. ಬ್ರಿಟಿಷ್ ಮಾದರಿಗಳಲ್ಲಿ ಅದಕ್ಕೇ ಟ್ರೆಬಲ್ ಎಂದು ಹೆಸರು. ಇದನ್ನು ನೋಡದೆ ಹೆಣೆದು ಚೀಲ ಗಿಡ್ಡವಾಯಿತೆಂದು ಬೇಸರಪಡುವವರು ಬಹಳ.) ಲಾಡಿಗೆ 80 ಚೈನ್, ಕೊನೆಯ ಜಾಲಿ ಸುತ್ತಿನಲ್ಲಿ ಪೋಣಿಸಿ.

ಈ ಅಳತೆ 100 ಗ್ರಾಂ ಸೋಪಿಗೆ. ಒಣಗಿದ್ದಾಗ ತುಸು ಬಿಗಿ ಅನ್ನಿಸಬೇಕು, ಒದ್ದೆಯಾದ ಹತ್ತಿ ಜೋತುಬೀಳುತ್ತದೆ. 150 ಗ್ರಾಂನ ಮೈಸೂರು ಸ್ಯಾಂಡಲ್‌ನಂಥ ದಪ್ಪ ಅಂಡಾಕಾರದ ಬಿಲ್ಲೆಗೆ 17 ಚೈನಿನಿಂದ ಶುರುಮಾಡಿ, ಸುತ್ತಿಗೆ 32 ಸ್ಟಿಚ್ ಆಗುತ್ತದೆ. ಶುರುವಿನ ಚೈನನ್ನು ಬಿಗಿಯಾಗಿ ಹಾಕುವ ಕೈಯಾದರೆ ಅದಕ್ಕೆ ಮಾತ್ರ 4.5ರ ಕಡ್ಡಿ ಬಳಸಿ, ಇಲ್ಲದಿದ್ದರೆ ಕೆಳಬದಿಯಲ್ಲಿ ಕಡ್ಡಿ ತೂರುವುದೇ ಇಲ್ಲ.

ಜಾಲಿಯ ಒಂದು ಸುತ್ತಿಗೆ ಸುಮಾರು ಒಂದೂಕಾಲು ಮೀಟರ್ ನೂಲು ಬೇಕು, ಎರಡೂ ತುದಿಗೆ ಒಂದೊಂದು ಗೇಣು ಬಿಡಬೇಕು. ಹಾಗಾಗಿ ಎರಡು ಮೀಟರಿಗಿಂತ ಚಿಕ್ಕ ತುಂಡನ್ನು ಇದಕ್ಕೆ ತೆಗೆದುಕೊಳ್ಳುವುದಿಲ್ಲ. ಬಣ್ಣ ಬದಲಿಸುವುದು ಸುತ್ತು ಸೇರಿಸುವ ಸ್ಲಿಪ್ ಸ್ಟಿಚ್‌ನಲ್ಲೇ. ಗಂಟು ಹಾಕಿ ಕತ್ತರಿಸಿದರೆ ಸೋಪಿನ ಜಾರಿಕೆಗೆ ಬಿಚ್ಚಿಕೊಳ್ಳುತ್ತದೆ. ದಬ್ಬಣದಲ್ಲಿ ತುದಿಯನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ಮತ್ತೊಮ್ಮೆ ಎಡಕ್ಕೆ ಓಡಿಸಿ. ಈ ಬೇಸರದ ಕೆಲಸ ತಪ್ಪಿಸಿದ ಚೀಲ ವಾರದೊಳಗೆ ಬಾಲ ಬಿಡುತ್ತದೆ.

ಮುಖ ಒರೆಸುವ ಬಿಲ್ಲೆ ಸುಲಭ: ಮ್ಯಾಜಿಕ್ ರಿಂಗ್‌ನಲ್ಲಿ (ಬಾಲ ಎಳೆದು ಬಿಗಿಮಾಡುವ ನೂಲಿನ ಉಂಗುರ) 12 ಡಬಲ್, ಆಮೇಲೆ 24, ಆಮೇಲೆ 36. ಹತ್ತಿ ಮಾತ್ರ, ಅಕ್ರಿಲಿಕ್ ನೀರು ಹೀರುವುದಿಲ್ಲ. ನಡುವಿನ ರಿಂಗ್ ಒಗೆದಂತೆಲ್ಲ ಬಾಯಿ ತೆರೆಯುವುದರಿಂದ ಅದರ ಬಾಲವನ್ನು ಎರಡು ಪೂರ್ತಿ ಸುತ್ತು ಓಡಿಸಿ. ಬೆನ್ನು ಉಜ್ಜಲು ಒರಟಾದದ್ದು ಬೇಕೆನ್ನುವವರಿಗೆ ಹೀರೆನಾರೇ ಸರಿ. ನೂಲು ಆ ಕೆಲಸ ಮಾಡದು.

ಬೋರ್‌ವೆಲ್‌ನ ಗಡಸು ನೀರಿರುವ ಮನೆಯಲ್ಲಿ ಸೋಪಿನ ಕಿಟ್ಟ ಕೂತು ಚೀಲ ಹುರಿಯಂತೆ ಬಿರುಸಾಗುತ್ತದೆ. ಅರ್ಧ ಬಕೆಟ್ ಬೆಚ್ಚನೆಯ ನೀರಿಗೆ ಎರಡು ನಿಂಬೆಹಣ್ಣು ಹಿಂಡಿ ಅರ್ಧ ಗಂಟೆ ನೆನೆಸಿ ಜಾಲಿಸಿದರೆ ಮೆದುವಾಗುತ್ತದೆ. ಎಣ್ಣೆಸ್ನಾನದ ದಿನ ಮಾತ್ರ ಚೀಲವನ್ನು ಮುಟ್ಟಬೇಡಿ, ಜಿಡ್ಡು ನೂಲಿನೊಳಗೆ ಇಳಿದರೆ ಹೊರಡಿಸುವುದು ಕಷ್ಟ. ಮಳೆಗಾಲದಲ್ಲಿ ನಲ್ಲಿಗೆ ನೇತುಹಾಕಿಟ್ಟರೆ ಕಪ್ಪು ಬೂಷ್ಟು ಹಿಡಿಯುತ್ತದೆ. ಎರಡು ಚೀಲ ಹೆಣೆದಿಟ್ಟು, ಒಂದು ಬಚ್ಚಲಲ್ಲಿದ್ದಾಗ ಇನ್ನೊಂದನ್ನು ಸೋಪು ತೆಗೆದು ಬಿಸಿಲಿಗೋ ಫ್ಯಾನಿನ ಗಾಳಿಗೋ ಹಾಕಿ.