ದೈವಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ: ಕಾಸರಗೋಡಿನಿಂದ ಹೊರಡುವವರಿಗೆ

ಮಂಜೇಶ್ವರ, ಉಪ್ಪಳ, ಬೇಳದ ಕಡೆಯಿಂದ ಕ್ರೈಸ್ತ ದೈವಶಾಸ್ತ್ರ ಓದಲು ಹೊರಡುವವರು ಸಾಮಾನ್ಯವಾಗಿ ಮೊದಲು ವಿಚಾರಿಸುವುದು ಯಾವ ಕಾಲೇಜು ಒಳ್ಳೆಯದು ಎಂದು. ಆದರೆ ಅದಕ್ಕೂ ಮುಂಚೆ ತೀರ್ಮಾನವಾಗಬೇಕಾದದ್ದು ಓದು ಮುಗಿದ ಮೇಲೆ ಮಾಡುವ ಕೆಲಸ. ಸಭಾಪಾಲನೆ (ಚರ್ಚಿನ ಪಾಲಕರಾಗಿ ಸೇವೆ), ಸೆಮಿನರಿಯ (ಧರ್ಮಗುರುಗಳನ್ನು ತರಬೇತುಗೊಳಿಸುವ ಶಾಲೆಯ) ಬೋಧನೆ, ವಿಶ್ವವಿದ್ಯಾಲಯದ ಸಂಶೋಧನೆ, ಈ ಮೂರಕ್ಕೂ ಬೇಕಾದ ಪದವಿ ಒಂದೇ ಅಲ್ಲ.

ಪ್ರಾಟೆಸ್ಟೆಂಟ್ ಸಭೆಗಳಲ್ಲಿ ಅನೇಕರು ಹಿಡಿಯುವುದು ಸೆರಾಂಪುರದ ದಾರಿ. ಬಂಗಾಳದ ಸೆರಾಂಪುರದಲ್ಲಿ ಮಿಷನರಿ ವಿಲಿಯಂ ಕೇರಿ ಮತ್ತು ಸಂಗಡಿಗರು 1818ರಲ್ಲಿ ಆರಂಭಿಸಿದ ಕಾಲೇಜಿಗೆ ಡೆನ್ಮಾರ್ಕಿನ ಅರಸ 1827ರಲ್ಲಿ ಪದವಿ ನೀಡುವ ಸನ್ನದು ಕೊಟ್ಟ. ಆಗ ಆ ಊರು ಡೇನರ ವಸಾಹತಾಗಿತ್ತು. ಇಂದು ಅಲ್ಲಿನ ಸೆನೆಟ್ (ಪದವಿ ನೀಡುವ ಮಂಡಳಿ) ದೇಶದ ಹಲವು ದೈವಶಾಸ್ತ್ರ ಕಾಲೇಜುಗಳಿಗೆ ಸಂಯೋಜನೆ ನೀಡಿದ್ದು, ನಮಗೆ ಹತ್ತಿರದ ಮಂಗಳೂರು ಬಲ್ಮಠದ ಕರ್ನಾಟಕ ಥಿಯೊಲಾಜಿಕಲ್ ಕಾಲೇಜು, ಬೆಂಗಳೂರಿನಲ್ಲಿ 1910ರಲ್ಲಿ ಸ್ಥಾಪನೆಯಾದ ಯುನೈಟೆಡ್ ಥಿಯೊಲಾಜಿಕಲ್ ಕಾಲೇಜು ಅವುಗಳಲ್ಲಿ ಸೇರಿವೆ.

ಇಲ್ಲಿ ಎಡವುವವರು ಬಹಳ. ಇತಿಹಾಸದಲ್ಲೋ ಕನ್ನಡದಲ್ಲೋ ಎಂ.ಎ. ಮಾಡಿದವರು ನೇರವಾಗಿ ಎಂ.ಟಿಎಚ್.ಗೆ (ಮಾಸ್ಟರ್ ಆಫ್ ಥಿಯಾಲಜಿ) ಸೇರಬಹುದೆಂದು ಭಾವಿಸುತ್ತಾರೆ. ಹಾಗಾಗುವುದಿಲ್ಲ; ಎಂ.ಟಿಎಚ್.ಗೆ ಬುನಾದಿಯಾಗಿ ಬಿ.ಡಿ. (ಬ್ಯಾಚುಲರ್ ಆಫ್ ಡಿವಿನಿಟಿ) ಬೇಕು. ಬಿ.ಡಿ.ಯ ಹೆಸರಿನಲ್ಲಿ ಬ್ಯಾಚುಲರ್ ಎಂದಿದ್ದರೂ ಅದು ಪದವೀಧರರು ಬಂದು ಓದುವ, ನಾಲ್ಕು ವರ್ಷದ ವೃತ್ತಿ ಪದವಿ. ಅದಾದ ಮೇಲೆ ಬೈಬಲಿನ ಹಳೆ ಒಡಂಬಡಿಕೆ, ಹೊಸ ಒಡಂಬಡಿಕೆ, ಕ್ರೈಸ್ತ ಧರ್ಮದ ಇತಿಹಾಸ ಮೊದಲಾದ ಶಾಖೆಗಳಲ್ಲೊಂದನ್ನು ಆರಿಸಿಕೊಂಡು ಎರಡು ವರ್ಷ ಎಂ.ಟಿಎಚ್. ಹಳೆ ಒಡಂಬಡಿಕೆಗೆ ಹೀಬ್ರೂ, ಹೊಸದಕ್ಕೆ ಗ್ರೀಕ್ ತಪ್ಪಿದ್ದಲ್ಲ. ಈ ಭಾಷೆಗಳನ್ನು ಬಿ.ಡಿ. ಕಾಲದಲ್ಲಿಯೇ ಗಟ್ಟಿ ಮಾಡಿಕೊಳ್ಳದವರು ಮುಂದೆ ಪ್ರಬಂಧ ಬರೆಯುವಾಗ ಅನುವಾದಗಳನ್ನೇ ನೆಚ್ಚಿಕೊಂಡು ಪರದಾಡುತ್ತಾರೆ.

ಕಥೋಲಿಕರಲ್ಲಿ ಧರ್ಮಗುರುವಾಗಲು ಬಯಸುವವರ ಓದನ್ನು ಧರ್ಮಪ್ರಾಂತವೇ (ಬಿಷಪರ ಆಡಳಿತಕ್ಕೆ ಸೇರಿದ ಪ್ರದೇಶ) ಅಥವಾ ಸನ್ಯಾಸ ಸಂಘವೇ ನಿರ್ಧರಿಸುತ್ತದೆ. ಮಂಗಳೂರು ಜೆಪ್ಪುವಿನ ಸಂತ ಜೋಸೆಫರ ಸೆಮಿನರಿ 1879ರಿಂದ ಈ ಕೆಲಸದಲ್ಲಿದೆ. ಗುರುದೀಕ್ಷೆಯ ಉದ್ದೇಶವಿಲ್ಲದವರು, ಕನ್ಯಾಸ್ತ್ರೀಯರು ಬೆಂಗಳೂರಿನ ಧರ್ಮಾರಾಮ್, ಪುಣೆಯ ಜ್ಞಾನದೀಪ ಸಂಸ್ಥೆಗಳಲ್ಲಿ ವಿಚಾರಿಸಬೇಕು.

ದೀಕ್ಷೆಯ ಗೊಡವೆಯಿಲ್ಲದೆ ಶಾಸ್ತ್ರೀಯವಾಗಿ ಮಾತ್ರ ಓದಬೇಕೆನ್ನುವವರಿಗೆ ಮೈಸೂರು, ಮದ್ರಾಸ್ ವಿಶ್ವವಿದ್ಯಾಲಯಗಳ ಕ್ರೈಸ್ತ ಅಧ್ಯಯನ ವಿಭಾಗಗಳಿವೆ. ಕಾಲೇಜು ಅಧ್ಯಾಪಕರ ಅರ್ಹತೆಗಾಗಿ ನಡೆಯುವ ಯುಜಿಸಿಯ ನೆಟ್ ಪರೀಕ್ಷೆಯಲ್ಲಿ ಧರ್ಮಗಳ ತೌಲನಿಕ ಅಧ್ಯಯನ ಎಂಬ ವಿಷಯವಿರುವುದರಿಂದ, ಅಧ್ಯಾಪಕ ವೃತ್ತಿ ಬಯಸುವವರು ಅದರ ಪಠ್ಯಕ್ರಮವನ್ನು ಮುಂಚಿತವಾಗಿಯೇ ತರಿಸಿ ನೋಡುವುದು ಲೇಸು. ಯಾವ ದೈವಶಾಸ್ತ್ರ ಪದವಿಯನ್ನಾದರೂ ಸರಕಾರಿ ನೌಕರಿಗೆ ಬಳಸುವ ಇರಾದೆಯಿದ್ದರೆ, ಅದರ ತತ್ಸಮಾನತೆಯನ್ನು ಸಂಬಂಧಿಸಿದ ವಿಶ್ವವಿದ್ಯಾಲಯದಿಂದ ಲಿಖಿತವಾಗಿಯೇ ಪಡೆಯಬೇಕು. ಬಾಯಿಮಾತಿನ ಭರವಸೆ ಕಾಗದದ ಮುಂದೆ ನಿಲ್ಲುವುದಿಲ್ಲ.

ಇನ್ನು ಅರ್ಜಿ. ಅಂಕಪಟ್ಟಿಗಳಿಗಿಂತ ತಡವಾಗುವುದು ಸಭೆಯ ಶಿಫಾರಸು ಪತ್ರ. ಸಭಾಪಾಲಕರು, ಸಮಿತಿ, ಬಿಷಪರ ಕಚೇರಿ ಎಂದು ಅದು ಸುತ್ತುವುದರೊಳಗೆ ತಿಂಗಳುಗಳೇ ಕಳೆಯಬಹುದು. ಸಭೆ ಖರ್ಚು ವಹಿಸಿಕೊಂಡರೆ, ಓದಿದ ಮೇಲೆ ಎಷ್ಟು ವರ್ಷ ಸೇವೆ ಸಲ್ಲಿಸಬೇಕೆಂಬುದನ್ನು ಸಹಿ ಹಾಕುವ ಮುನ್ನವೇ ಕೇಳಬೇಕು. ಕೇಳುವುದು ಅವಿನಯವಲ್ಲ.

ಸಂಶೋಧನೆಯ ವಿಷಯಕ್ಕೆ ಕಾಸರಗೋಡಿನವರು ದೂರ ಹೋಗಬೇಕಿಲ್ಲ. ಸ್ವಿಟ್ಜರ್ಲೆಂಡಿನ ಪ್ರಾಟೆಸ್ಟೆಂಟ್ ಸಂಸ್ಥೆಯಾದ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂದು, ಮುಂದೆ ತಲಶ್ಶೇರಿಯಲ್ಲೂ ನೆಲೆ ಮಾಡಿತು. ಈ ಎರಡು ಊರುಗಳ ನಡುವೆ ಇರುವುದು ನಮ್ಮ ಜಿಲ್ಲೆ. ಕನ್ನಡ, ತುಳು, ಮಲಯಾಳ ಮೂರೂ ಬಲ್ಲ ವಿದ್ಯಾರ್ಥಿ ಎರಡೂ ಕಡೆಯ ಬರಹಗಳನ್ನು ಒಟ್ಟಿಗಿಟ್ಟು ಓದಬಲ್ಲ. ಬಲ್ಮಠದ ಕಾಲೇಜಿನಲ್ಲಿ ಮಿಷನ್ನಿನ ಹಳೆಯ ದಾಖಲೆಗಳ ಸಂಗ್ರಹವೂ ಇದೆ. ಮಿಷನರಿಗಳು ತಮ್ಮ ಕೇಂದ್ರಕ್ಕೆ ಬರೆಯುತ್ತಿದ್ದುದು ಜರ್ಮನ್ ಭಾಷೆಯಲ್ಲಾದ್ದರಿಂದ, ಈ ಕಡೆ ಒಲವಿರುವವರು ಎಂ.ಟಿಎಚ್. ಸೇರುವ ಮೊದಲೇ ಜರ್ಮನ್ ಕಲಿಕೆಯನ್ನು ಆರಂಭಿಸಿದರೆ ಪ್ರಬಂಧದ ವರ್ಷವನ್ನು ವ್ಯಾಕರಣಕ್ಕೆ ತೆರಬೇಕಾಗುವುದಿಲ್ಲ.