ಹಗಲಲ್ಲಿ ಉರಿಯುವ ಮೇಣದಬತ್ತಿ

ಫ್ಲೆಮಿಶ್ ಕಲಾವಿದ ಯಾನ್ ವಾನ್ ಐಕ್ 1434ರಲ್ಲಿ ಬಿಡಿಸಿದ ಅರ್ನೋಲ್ಫಿನಿ ದಂಪತಿಯ ಚಿತ್ರವನ್ನು ನಾನು ಮೊದಲ ಸಲ ನೋಡಿದ್ದು ಸಂಕೇತಗಳ ಪಟ್ಟಿಯೊಂದನ್ನು ಪಕ್ಕದಲ್ಲಿಟ್ಟುಕೊಂಡು. ನಾಯಿ ಅಂದರೆ ನಿಷ್ಠೆ. ಬಿಚ್ಚಿಟ್ಟ ಪಾದರಕ್ಷೆ ಅಂದರೆ ಪವಿತ್ರ ಜಾಗ. ಹೆಂಗಸಿನ ಹೊಟ್ಟೆ ಮುಂದೆ ಬಂದಿದೆ, ಹಾಗಾದರೆ ಬಸುರಿ. ಹತ್ತೇ ನಿಮಿಷದಲ್ಲಿ ಎಲ್ಲಾ ಅರ್ಥವಾಯಿತು ಅಂದುಕೊಂಡೆ.

ತಪ್ಪು ಗೊತ್ತಾಗಿದ್ದು ಇದೇ ಕಲಾವಿದನ ಇನ್ನೊಂದು ಕೃತಿಯಿಂದ. ಜರ್ಮನಿಯ ಡ್ರೆಸ್ಡೆನ್‌ನಲ್ಲಿರುವ 1437ರ ಮೂರು ಫಲಕಗಳ ಚಿತ್ರದಲ್ಲಿ ಸಂತ ಕ್ಯಾಥರೀನ್ ಇದ್ದಾಳೆ. ಮದುವೆಯೇ ಆಗದ ಕನ್ಯೆ. ಅವಳ ಹೊಟ್ಟೆಯೂ ಹೀಗೇ ಉಬ್ಬಿ ಕಾಣುತ್ತದೆ! ಆಗಿನ ಉಡುಪೇ ಹಾಗೆ. ವಾಪಸ್ ಬಂದು ನೋಡಿದರೆ, ಅರ್ನೋಲ್ಫಿನಿಯ ಹೆಂಡತಿ ಭಾರದ ಹಸಿರು ಬಟ್ಟೆಯ ನೆರಿಗೆಗಳನ್ನು ಎಡಗೈಯಲ್ಲಿ ಎತ್ತಿ ಹಿಡಿದಿದ್ದಾಳೆ, ಅಷ್ಟೇ.

ಆಮೇಲಿಂದ ನನ್ನ ನೋಟ್‌ಬುಕ್ಕಿನ ಎಡ ಪುಟ ಕಂಡದ್ದಕ್ಕೆ, ಬಲ ಪುಟ ಅನಿಸಿದ್ದಕ್ಕೆ. ಎಡ ಪುಟ ತುಂಬುವ ತನಕ ಬಲ ಪುಟ ಮುಟ್ಟುವುದಿಲ್ಲ.

ಮೇಣದಬತ್ತಿ ಕಣ್ಣಿಗೆ ಬಿದ್ದದ್ದು ಹೀಗೆ ಕೂತಾಗಲೇ. ಕಿಟಕಿಯಿಂದ ಹಗಲ ಬೆಳಕು ಬರುತ್ತಿದೆ. ಆದರೂ ಮೇಲೆ ತೂಗುವ ದೀಪಗೊಂಚಲಲ್ಲಿ ಒಂದು ಬತ್ತಿ ಉರಿಯುತ್ತಿದೆ, ಗಂಡನ ಕಡೆಗೆ. ಹೆಂಡತಿಯ ಕಡೆ ಬತ್ತಿಯೇ ಇಲ್ಲ, ಕರಗಿದ ಮೇಣದ ಗುರುತು ಮಾತ್ರ. ಸುಮ್ನೆ ಹಾಗೆ ಬಿಡಿಸಿರಬಹುದು ಅಲ್ವಾ? ಇದೊಂದೇ ಆಗಿದ್ದರೆ ನಾನೂ ಬಿಟ್ಟುಬಿಡುತ್ತಿದ್ದೆ. ಆದರೆ ಹಿಂದಿನ ಗೋಡೆಯಲ್ಲಿ ಉಬ್ಬುಗನ್ನಡಿಯಿದೆ. ಅದರ ಚೌಕಟ್ಟಿನ ಸುತ್ತ ಹತ್ತು ಪುಟ್ಟ ವೃತ್ತಗಳಲ್ಲಿ ಕ್ರಿಸ್ತನ ಕಥೆ. ಇಡೀ ಚಿತ್ರದ ಎತ್ತರವೇ 82 ಸೆಂ.ಮೀ., ಈ ವೃತ್ತಗಳು ಉಗುರಿನಷ್ಟು ಚಿಕ್ಕವು. ದೊಡ್ಡದು ಮಾಡಿ ಒಂದೊಂದಾಗಿ ನೋಡಿದೆ. ಗಂಡನ ಕಡೆಯವುಗಳಲ್ಲಿ ಕ್ರಿಸ್ತ ಬದುಕಿದ್ದಾನೆ. ಹೆಂಡತಿಯ ಕಡೆ ಅವನ ಸಾವು, ಪುನರುತ್ಥಾನ. ಮೈ ಜುಮ್ಮೆಂದಿತು.

ಅವನ ಕಡೆ ಬದುಕು, ಅವಳ ಕಡೆ ಸಾವು. ಹೀಗೆ ಎರಡು ಗುರುತು ಒಂದೇ ಮಾತು ಹೇಳಿದರೆ ಮಾತ್ರ ನಾನು ದಾಖಲೆ ಹುಡುಕಲು ಹೋಗುವುದು. ಈ ಗಂಡಸು ಇಟಲಿಯ ವರ್ತಕ ಜೊವಾನಿ ಡಿ ನಿಕೊಲಾವೊ ಅರ್ನೋಲ್ಫಿನಿ ಎಂದು ಹಲವರು ಒಪ್ಪುತ್ತಾರೆ. ಅವನ ಹೆಂಡತಿ ಕೊಸ್ಟಾಂಜಾ ಟ್ರೆಂಟಾ 1433ರ ಹೊತ್ತಿಗೇ ತೀರಿಕೊಂಡಿದ್ದಳು. ಹಾಗಾಗಿ ಹಲವರು ಅಂದುಕೊಂಡಂತೆ ಇದು ಮದುವೆಯ ಚಿತ್ರವಲ್ಲ, ಅಗಲಿದವಳ ನೆನಪಿಗೆ ಮಾಡಿಸಿದ್ದು ಎಂಬ ವಾದವಿದೆ. ಒಪ್ಪದ ವಿದ್ವಾಂಸರೂ ಇದ್ದಾರೆ. ನನಗಂತೂ ಇದೇ ಜಾಸ್ತಿ ಸರಿ ಅನಿಸುತ್ತದೆ.

ಈಗ ಅವರ ಕೈಗಳನ್ನು ಗಮನಿಸಿ. ಅವಳ ಕೈ ಅವನ ಅಂಗೈ ಮೇಲೆ ಸುಮ್ಮನೆ ಒರಗಿದೆ, ಅವನು ಬಿಗಿಯಾಗಿ ಹಿಡಿದಿಲ್ಲ. ಇದನ್ನು ಎಡ ಪುಟದಲ್ಲಿ ಬರೆದುಕೊಂಡಿದ್ದೇನೆ. ನಾಯಿಯ ಎದುರಿನ ಬಲ ಪುಟದಲ್ಲಿ ‘ನಿಷ್ಠೆ’ ಹೊಡೆದುಹಾಕಿದ್ದೇನೆ, ಬೇರೇನೂ ಇನ್ನೂ ಬರೆದಿಲ್ಲ.